ಮೆದುಳಿನ ಚಿತ್ರಣ ಮತ್ತು ಮರೆವಿನ ಕಾಯಿಲೆಯ ಸಂಶೋಧನೆ: ವೈದ್ಯ-ವಿಜ್ಞಾನಿಯ ವೃತ್ತಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರದ ವೈದ್ಯಕೀಯ ಕಾಲೇಜುಗಳಲ್ಲಿ ಓದುತ್ತಿರುವವರು, ನೀಟ್ ಪರೀಕ್ಷೆಗೆ ಕೂರುವ ಮಕ್ಕಳ ಪಾಲಕರು ಮತ್ತು ಮನೆಯಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಹಿರಿಯರನ್ನು ನೋಡಿಕೊಳ್ಳುತ್ತಿರುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ವೃತ್ತಿಯ ಬಗ್ಗೆ ಕೇಳುವವರಿಗೂ ಕಾಯಿಲೆಯ ಬಗ್ಗೆ ಕೇಳುವವರಿಗೂ ಬೇರೆ ಬೇರೆ ಪುಟ ಮಾಡಿಲ್ಲ. ಈ ವೃತ್ತಿಯಲ್ಲಿ ಆ ಎರಡನ್ನು ಬೇರ್ಪಡಿಸಲು ಬರುವುದಿಲ್ಲ.

ವೈದ್ಯ-ವಿಜ್ಞಾನಿ ಎಂದರೆ ಯಾರು? ನರರೋಗ ತಜ್ಞರಿಗೂ ಇವರಿಗೂ ಏನು ವ್ಯತ್ಯಾಸ?

ನರರೋಗ ತಜ್ಞರು ತಮ್ಮ ಮುಂದೆ ಕುಳಿತ ರೋಗಿಗೆ ಏನಾಗಿದೆ ಎಂದು ಪತ್ತೆ ಹಚ್ಚಿ, ಇಂದು ಲಭ್ಯವಿರುವ ಚಿಕಿತ್ಸೆಯನ್ನು ಕೊಡುತ್ತಾರೆ. ವೈದ್ಯ-ವಿಜ್ಞಾನಿಯೂ ಅದನ್ನೇ ಮಾಡುತ್ತಾರೆ, ಆದರೆ ಆ ರೋಗಿಯನ್ನು ನೋಡುವಾಗ ಎದ್ದ ಪ್ರಶ್ನೆಯನ್ನು ಪ್ರಯೋಗಾಲಯಕ್ಕೋ ಸ್ಕ್ಯಾನರ್ ಕೋಣೆಗೋ ಹೊತ್ತುಕೊಂಡು ಹೋಗಿ, ಉತ್ತರ ಸಿಕ್ಕರೆ ಅದನ್ನು ಮರಳಿ ರೋಗಿಯ ಬಳಿಗೆ ತರುತ್ತಾರೆ.

ಈ ಕ್ಷೇತ್ರದ ಮೊದಲ ಉದಾಹರಣೆ ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರ್ ಅವರೇ; ಡಿಮೆನ್ಷಿಯಾದ ಅತಿ ಸಾಮಾನ್ಯ ರೂಪಕ್ಕೆ ಅವರದೇ ಹೆಸರು ಬಂದಿದೆ. 1901ರ ನವೆಂಬರಿನಲ್ಲಿ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಆಗಸ್ಟ್ ಡೀಟರ್ ಎಂಬ 51 ವರ್ಷದ ಮಹಿಳೆ ದಾಖಲಾದರು. ಆಲ್ಝೈಮರ್ ಆಕೆಯ ಎದುರು ಕುಳಿತು, ಹೆಸರೇನು, ಗಂಡನ ಹೆಸರೇನು ಎಂದು ಕೇಳಿ, ಬಂದ ಉತ್ತರಗಳನ್ನು ಅಕ್ಷರಶಃ ಬರೆದಿಟ್ಟರು; ಎರಡೂ ಪ್ರಶ್ನೆಗೆ ಆಕೆ ಹೇಳಿದ್ದು ತನ್ನದೇ ಹೆಸರನ್ನು. ಮುಂದೆ ಅವರು ಊರು ಬದಲಿಸಿ ಮ್ಯೂನಿಕ್ಕಿಗೆ ಹೋದರೂ ರೋಗಿಯನ್ನು ಮರೆಯಲಿಲ್ಲ. 1906ರ ಏಪ್ರಿಲಿನಲ್ಲಿ ಆಕೆ ತೀರಿಕೊಂಡಾಗ ಕಡತವನ್ನೂ ಮೆದುಳನ್ನೂ ತರಿಸಿಕೊಂಡು, ಬೆಳ್ಳಿಯ ಲವಣದಿಂದ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ಗಂಟುಗಳನ್ನೂ ಚಕ್ಕೆಗಳನ್ನೂ ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗನ್ ಸಭೆಯಲ್ಲಿ ವಿವರಿಸಿದರು. ಸಭೆಯಲ್ಲಿ ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಎಂಬುದು ದಾಖಲಾಗಿದೆ. ಹಾಸಿಗೆಯ ಬದಿಯ ಮಾತು ಮತ್ತು ಗಾಜಿನ ಪಟ್ಟಿಯ ಮೇಲಿನ ಅಂಗಾಂಶ, ಎರಡನ್ನೂ ಒಬ್ಬರೇ ನೋಡಿದ್ದರಿಂದ ಅವು ಒಂದಕ್ಕೊಂದು ಸೇರಿದವು. ಇಂದು ಅಂಗಾಂಶದ ಜಾಗದಲ್ಲಿ ಬಹುಪಾಲು ಸ್ಕ್ಯಾನ್ ಬಂದಿದೆ; ಕೆಲಸದ ಸ್ವರೂಪ ಅದೇ ಉಳಿದಿದೆ.

ಅರವತ್ತಕ್ಕೆ ಅರಳು ಮರಳು ಎನ್ನುತ್ತಾರಲ್ಲ, ಅದಕ್ಕೆ ಇಷ್ಟು ಸಂಶೋಧನೆ ಬೇಕೇ?

ವಯಸ್ಸಾದಂತೆ ಹೆಸರು ತಡವಾಗಿ ನೆನಪಾಗುವುದು ಸಹಜ. ಆದರೆ ನಲವತ್ತು ವರ್ಷ ಮಾಡಿದ ಹೋಳಿಗೆಯ ಕ್ರಮ ತಪ್ಪುವುದು, ಸಂತೆಯಲ್ಲಿ ಚಿಲ್ಲರೆ ಎಣಿಸಲು ಬಾರದಿರುವುದು, ದಿನವೂ ಹೋಗುವ ಹೊಲದ ದಾರಿ ತಪ್ಪುವುದು ಸಹಜವಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಹಾಗೆಂದರೆ ಅರವತ್ತು ದಾಟಿದ ಬಹುಪಾಲು ಜನರಿಗೆ ಅದು ಇಲ್ಲ ಎಂದೂ ಆಯಿತು. ಬರೀ ವಯಸ್ಸಿನ ಫಲವಾಗಿದ್ದರೆ ಲೆಕ್ಕ ಹೀಗಿರುತ್ತಿರಲಿಲ್ಲ.

ಸ್ಕ್ಯಾನ್‌ನಲ್ಲಿ ನಿಜವಾಗಿ ಕಾಣುವುದೇನು?

ಯಾವ ಸ್ಕ್ಯಾನ್ ಎಂಬುದರ ಮೇಲೆ ಅದು ನಿಂತಿದೆ.

ಮೊದಲ ಬಾರಿಗೆ ರೋಗಿಯ ಮೆದುಳಿನ ಸಿಟಿ ಸ್ಕ್ಯಾನ್ ನಡೆದದ್ದು 1971ರ ಅಕ್ಟೋಬರಿನಲ್ಲಿ, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಮರೆವಿಗೆ ಸಿಟಿ ಏಕೆ ಎಂದು ಕೇಳುವವರು ಒಂದು ಚಿತ್ರವನ್ನು ನೆನಪಿಡಬೇಕು. ಬೈಕಿನ ಹಿಂದೆ ಕುಳಿತು ಬರುವಾಗ ಬಿದ್ದ, ಆಗ ಏನೂ ಆಗಿಲ್ಲವೆಂದು ಎದ್ದು ನಡೆದ ಎಪ್ಪತ್ತೈದರ ಅಜ್ಜ ಒಂದೂವರೆ ತಿಂಗಳ ಮೇಲೆ ಮಂಕಾಗುತ್ತಾರೆ, ನಡಿಗೆ ಎಳೆಯುತ್ತದೆ, ಮಾತು ಗೊಂದಲವಾಗುತ್ತದೆ. ಸಿಟಿಯಲ್ಲಿ ತಲೆಬುರುಡೆಯ ಒಳಅಂಚಿನಲ್ಲಿ ಮೆದುಳಿಗಿಂತ ತುಸು ಕಪ್ಪಾದ ಚಂದ್ರನ ಕೊರೆಯಾಕಾರದ ಪದರ ಕಾಣುತ್ತದೆ. ಅದು ಹಳೆಯ ರಕ್ತಸ್ರಾವ. ರಂಧ್ರ ಕೊರೆದು ಹೊರಹಾಕಿದರೆ ಹಲವರು ಮೊದಲಿನಂತಾಗುತ್ತಾರೆ. ವಿಟಮಿನ್ ಬಿ12 ಕೊರತೆ ಮತ್ತು ಥೈರಾಯ್ಡ್ ಕೊರತೆಯನ್ನು ರಕ್ತಪರೀಕ್ಷೆ ಹಿಡಿಯುವಂತೆ, ಮೆದುಳಿನ ನೀರು ಕಟ್ಟಿಕೊಳ್ಳುವ ತೊಂದರೆ, ಗಡ್ಡೆ, ಹಳೆಯ ರಕ್ತಸ್ರಾವಗಳನ್ನು ಸ್ಕ್ಯಾನ್ ಹಿಡಿಯುತ್ತದೆ. ‘ವಯಸ್ಸಾಯ್ತು ಬಿಡಿ’ ಎಂದು ಮನೆಯಲ್ಲೇ ಉಳಿಸಿಕೊಂಡವರಲ್ಲಿ ಇಂಥವರು ಸೇರಿ ಹೋಗುವುದು ನಿಜಕ್ಕೂ ದುಃಖದ ಸಂಗತಿ.

ಎಂಆರ್‌ಐ ಇನ್ನಷ್ಟು ಸೂಕ್ಷ್ಮ. ಕಿವಿಯ ಒಳಮಗ್ಗುಲಲ್ಲಿ, ಮೆದುಳಿನ ಆಳದಲ್ಲಿ ಹಿಪ್ಪೋಕ್ಯಾಂಪಸ್ ಎಂಬ ಚಿಕ್ಕ ಭಾಗವಿದೆ. ಹೊಸ ನೆನಪು ಕಟ್ಟಿಕೊಳ್ಳುವುದಕ್ಕೆ ಅದು ಬೇಕೇ ಬೇಕು. ಆರೋಗ್ಯವಂತ ಹಿರಿಯರಲ್ಲಿ ಅದು ವರ್ಷಕ್ಕೆ ಸುಮಾರು ಶೇ. 1.4ರಷ್ಟು ಕುಗ್ಗಿದರೆ, ಆಲ್ಝೈಮರ್ ಕಾಯಿಲೆಯವರಲ್ಲಿ ಸುಮಾರು ಶೇ. 4.7ರಷ್ಟು ಕುಗ್ಗುತ್ತದೆ. ಕಣ್ಣಳತೆಯಲ್ಲಿ ಇದನ್ನು 0ಯಿಂದ 4ರವರೆಗೆ ಅಂಕ ಕೊಟ್ಟು ಗುರುತಿಸುವ ಕ್ರಮ 1992ರಿಂದ ಬಳಕೆಯಲ್ಲಿದೆ. ಬಿಪಿ ಮತ್ತು ಸಕ್ಕರೆ ಕಾಯಿಲೆಯಿಂದ ಸಣ್ಣ ರಕ್ತನಾಳಗಳು ಹಾಳಾದಲ್ಲಿ ಬಿಳಿಯ ಮಚ್ಚೆಗಳು ಕಾಣುತ್ತವೆ. ನಮ್ಮ ಕಡೆಯ ಹಿರಿಯರ ಸ್ಕ್ಯಾನ್‌ಗಳಲ್ಲಿ ಈ ಎರಡೂ ಒಟ್ಟಿಗೆ ಇರುವುದು ಸಾಮಾನ್ಯ. ಪಠ್ಯಪುಸ್ತಕದ ಶುದ್ಧ ಚಿತ್ರವನ್ನೇ ಹುಡುಕುವ ವಿದ್ಯಾರ್ಥಿಗೆ ಇದು ಮೊದಲು ಕಿರಿಕಿರಿ ಎನಿಸುತ್ತದೆ.

ಪೆಟ್ ಸ್ಕ್ಯಾನ್ ರಚನೆಗಿಂತ ಹೆಚ್ಚಾಗಿ ಕೆಲಸವನ್ನು ತೋರಿಸುತ್ತದೆ. ಎಫ್‌ಡಿಜಿ ಎಂಬ ವಿಕಿರಣಶೀಲ ಸಕ್ಕರೆಯನ್ನು 1976ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಕೊಡಲಾಯಿತು. ಆಲ್ಝೈಮರ್‌ನಲ್ಲಿ ಮೆದುಳಿನ ಹಿಂಬದಿಯ ಪಾರ್ಶ್ವಗಳು ಸಕ್ಕರೆಯನ್ನು ಕಡಿಮೆ ಬಳಸುತ್ತವೆ. ನಡವಳಿಕೆ ಅಥವಾ ಮಾತು ಮೊದಲು ಕೆಡುವ ಫ್ರಂಟೋಟೆಂಪೊರಲ್ ಡಿಮೆನ್ಷಿಯಾದಲ್ಲಿ ಮುಂಭಾಗ ಮಸುಕಾಗುತ್ತದೆ.

ಹಾಗಾದರೆ ಸ್ಕ್ಯಾನ್ ಮಾಡಿಸಿದರೆ ಸಾಕಲ್ಲವೇ? ನಡುವೆ ವೈದ್ಯರೇಕೆ?

ಸಾಲದು. ಈ ಇಡೀ ವೃತ್ತಿ ನಿಂತಿರುವುದೇ ಈ ‘ಸಾಲದು’ ಎಂಬುದರ ಮೇಲೆ.

ಆಲ್ಝೈಮರ್‌ನ ಗುರುತು ಎನ್ನಲಾಗುವ ಅಮಿಲಾಯ್ಡ್ ಪ್ರೋಟೀನು ನೆನಪು ಸರಿಯಾಗಿಯೇ ಇರುವವರ ಮೆದುಳಿನಲ್ಲೂ ಸಿಗುತ್ತದೆ. ಹಲವು ದೇಶಗಳ ಅಂಕಿಅಂಶಗಳನ್ನು ಒಗ್ಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಅರಿವು ಸಹಜವಾಗಿರುವವರಲ್ಲಿ 50ರ ವಯಸ್ಸಿಗೆ ಶೇ. 10ರಷ್ಟು ಮತ್ತು 90ರ ವಯಸ್ಸಿಗೆ ಶೇ. 44ರಷ್ಟು ಜನರಲ್ಲಿ ಅಮಿಲಾಯ್ಡ್ ಇರುತ್ತದೆ. ಅಮಿಲಾಯ್ಡನ್ನು ತೋರಿಸುವ ಪೆಟ್ ಚಿತ್ರ ಕೆಂಪಾಗಿ ಹೊಳೆದ ಮಾತ್ರಕ್ಕೆ ದಿನಪತ್ರಿಕೆ ಓದಿ ಲೆಕ್ಕ ಬರೆದುಕೊಂಡಿರುವ ಎಂಬತ್ತೈದರ ನಿವೃತ್ತ ಶಿಕ್ಷಕರಿಗೆ ಕಾಯಿಲೆಯ ಹಣೆಪಟ್ಟಿ ಕಟ್ಟಲಾಗದು. ಇದಕ್ಕೆ ವಿರುದ್ಧವಾಗಿ, ಎಂಆರ್‌ಐ ವರದಿಯಲ್ಲಿ ‘ವಯೋಸಹಜ ಕುಗ್ಗುವಿಕೆ’ ಎಂಬ ಒಂದೇ ಸಾಲಿದ್ದು, ಮನೆಯಲ್ಲಿ ಆ ತಾಯಿ ಹಾಲನ್ನು ಒಲೆಯ ಮೇಲಿಟ್ಟು ಮೂರು ಬಾರಿ ಪಾತ್ರೆ ಸುಟ್ಟಿರುವುದೂ ಉಂಟು. ಚಿತ್ರವೂ ಮನುಷ್ಯರೂ ಒಪ್ಪದ ಇಂಥ ಜಾಗದಲ್ಲೇ ಒಳ್ಳೆಯ ಸಂಶೋಧನೆಯ ಪ್ರಶ್ನೆಗಳು ಸಿಗುತ್ತವೆ: ಇಷ್ಟು ಅಮಿಲಾಯ್ಡ್ ಹೊತ್ತೂ ಇವರನ್ನು ಕಾಪಾಡಿದ್ದು ಯಾವುದು? ಇಷ್ಟು ಕಡಿಮೆ ಹಾನಿಯಲ್ಲಿ ಇವರು ಏಕೆ ಕುಸಿದರು? ರೋಗಿಯನ್ನು ನೋಡದೆ ಚಿತ್ರವನ್ನಷ್ಟೇ ನೋಡುವವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಚಿತ್ರ ಓದಲು ಬಾರದ ವೈದ್ಯರಿಗೆ ಎದ್ದರೂ ಅದನ್ನು ಬೆನ್ನಟ್ಟುವ ದಾರಿ ತಿಳಿಯುವುದಿಲ್ಲ.

ಈ ಕ್ಷೇತ್ರದ ಒಂದು ದೊಡ್ಡ ಶೋಧ ಹೇಗೆ ನಡೆಯಿತು ಎಂದು ಹೇಳಬಹುದೇ?

ಜೀವಂತ ಮನುಷ್ಯರ ಮೆದುಳಿನಲ್ಲಿ ಅಮಿಲಾಯ್ಡನ್ನು ಕಾಣುವಂತೆ ಮಾಡಿದ ಕಥೆ ಹೇಳುವುದಕ್ಕೆ ಯೋಗ್ಯವಾಗಿದೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮನೋವೈದ್ಯರು. ಚೆಸ್ಟರ್ ಮ್ಯಾಥಿಸ್ ವಿಕಿರಣ ರಸಾಯನಶಾಸ್ತ್ರಜ್ಞರು. ಸತ್ತವರ ಮೆದುಳಿನ ತುಣುಕಿನಲ್ಲಿ ಅಮಿಲಾಯ್ಡ್‌ಗೆ ಬಣ್ಣ ಕಟ್ಟುವ ಕಾಂಗೋ ರೆಡ್, ಥಯೋಫ್ಲೇವಿನ್ ಮುಂತಾದ ವರ್ಣದ್ರವ್ಯಗಳು ಬಹಳ ಹಿಂದಿನಿಂದ ಗೊತ್ತಿದ್ದವು. ಅದೇ ಬಣ್ಣವನ್ನು ಬದುಕಿರುವ ರೋಗಿಯ ರಕ್ತನಾಳಕ್ಕೆ ಕೊಟ್ಟರೆ ಅದು ಮೆದುಳಿಗೆ ತಲುಪಬಾರದೇಕೆ ಎಂಬುದು ಅವರ ಪ್ರಶ್ನೆ. ತಲುಪುವುದಿಲ್ಲ, ಏಕೆಂದರೆ ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆ ಇಂಥ ವಿದ್ಯುದಾವೇಶವುಳ್ಳ ಅಣುಗಳನ್ನು ಒಳಗೆ ಬಿಡುವುದಿಲ್ಲ. ಮೊದಲು ಕಾಂಗೋ ರೆಡ್‌ನ ಬಂಧುಗಳಾದ ಅಣುಗಳ ಹಿಂದೆ ವರ್ಷಗಟ್ಟಲೆ ಹೋದರು. ಬಳಿಕ ಥಯೋಫ್ಲೇವಿನ್-ಟಿ ಅಣುವಿನ ಆವೇಶವನ್ನು ತೆಗೆದುಹಾಕಿದಾಗ ಅದು ತಡೆಗೋಡೆಯನ್ನು ದಾಟಿತು, ಅಮಿಲಾಯ್ಡ್‌ಗೆ ಇನ್ನೂ ಬಿಗಿಯಾಗಿ ಅಂಟಿತು.

ಆ ಅಣುವಿಗೆ ವಿಕಿರಣಶೀಲ ಕಾರ್ಬನ್-11 ಜೋಡಿಸಿ 2002ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಮೊದಲ ರೋಗಿಗೆ ಕೊಡಲಾಯಿತು. ‘ಪಿಟ್ಸ್‌ಬರ್ಗ್ ಕಾಂಪೌಂಡ್ ಬಿ’ ಎಂಬ ಹೆಸರು ಬಂದದ್ದೂ ಉಪ್ಸಾಲಾದವರಿಂದಲೇ. 2004ರಲ್ಲಿ ಪ್ರಕಟವಾದ ಮೊದಲ ಪ್ರಬಂಧದಲ್ಲಿದ್ದವರು 16 ರೋಗಿಗಳು ಮತ್ತು 9 ಆರೋಗ್ಯವಂತರು ಮಾತ್ರ. ಇಂದಿನ ‘ಬಿಗ್ ಡೇಟಾ’ದ ಕಾಲದಲ್ಲಿ ಆ ಸಂಖ್ಯೆ ಕಂಡು ನಗುವವರಿದ್ದಾರೆ; ಪ್ರಶ್ನೆ ಸರಿಯಾಗಿದ್ದರೆ 25 ಜನ ಸಾಕಾಗುತ್ತಾರೆ ಎಂಬುದು ನನ್ನ ಅಭಿಪ್ರಾಯ.

ಕಾರ್ಬನ್-11ರ ಅರ್ಧಾಯುಷ್ಯ 20 ನಿಮಿಷ, ಅಂದರೆ ಅಷ್ಟು ಹೊತ್ತಿಗೆ ಅದರ ವಿಕಿರಣ ಅರ್ಧಕ್ಕೆ ಇಳಿಯುತ್ತದೆ. ಇಂಥ ವಿಕಿರಣಶೀಲ ಪರಮಾಣುಗಳನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಸ್ಕ್ಯಾನರಿನ ಪಕ್ಕದಲ್ಲೇ ಇಲ್ಲದ ಆಸ್ಪತ್ರೆಗೆ ಅದು ಉಪಯೋಗವಿಲ್ಲ. ಆದ್ದರಿಂದ 110 ನಿಮಿಷ ಅರ್ಧಾಯುಷ್ಯದ ಫ್ಲೋರಿನ್-18 ಜೋಡಿಸಿದ ಅಣುಗಳು ಬಂದವು. ಅಂಥ ಮೊದಲ ಅಮಿಲಾಯ್ಡ್ ಟ್ರೇಸರ್ (ಸ್ಕ್ಯಾನ್‌ನಲ್ಲಿ ಗುರಿಯನ್ನು ತೋರಿಸಿಕೊಡುವ ವಿಕಿರಣಶೀಲ ಅಣು) ಫ್ಲೋರ್ಬೆಟಾಪಿರ್‌ಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು. ಟಾವ್ ಪ್ರೋಟೀನಿನ ಗಂಟುಗಳನ್ನು ತೋರಿಸುವ ಟ್ರೇಸರ್‌ಗೆ 2020ರವರೆಗೆ ಕಾಯಬೇಕಾಯಿತು.

ಓದು ಎಷ್ಟು ವರ್ಷದ್ದು? ಯಾವ ದಾರಿ ಹಿಡಿಯಬೇಕು?

ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಜನರಲ್ ಮೆಡಿಸಿನ್ ಎಂಡಿ ಮೂರು ವರ್ಷ, ನ್ಯೂರಾಲಜಿಯಲ್ಲಿ ಡಿಎಂ ಎಂಬ ಉನ್ನತ ತಜ್ಞ ಪದವಿ ಮೂರು ವರ್ಷ: ಇದು ರೂಢಿಯ ದಾರಿ. ರೇಡಿಯಾಲಜಿ ಎಂಡಿ ಮಾಡಿ ನ್ಯೂರೋರೇಡಿಯಾಲಜಿಗೆ ಹೋಗುವುದು, ನ್ಯೂಕ್ಲಿಯರ್ ಮೆಡಿಸಿನ್ ಮಾಡಿ ಪೆಟ್ ಕಡೆಗೆ ತಿರುಗುವುದು, ಮನೋವೈದ್ಯಶಾಸ್ತ್ರದಿಂದ ವೃದ್ಧರ ಮನೋವೈದ್ಯಕ್ಕೆ ಬರುವುದು, ಇವೂ ಅಷ್ಟೇ ಸರಿಯಾದ ದಾರಿಗಳು. ಅದರ ಮೇಲೆ ಪಿಎಚ್‌ಡಿ ಅಥವಾ ಎರಡು ಮೂರು ವರ್ಷದ ಸಂಶೋಧನಾ ಫೆಲೋಶಿಪ್. ಲೆಕ್ಕ ಹಾಕಿದರೆ ಸ್ವತಂತ್ರ ಸಂಶೋಧಕರಾಗುವ ಹೊತ್ತಿಗೆ ವಯಸ್ಸು ಮೂವತ್ತೈದರ ಆಸುಪಾಸು. ಪಾಲಕರಿಗೆ ಇದನ್ನು ಮೊದಲೇ ಹೇಳಿಬಿಡುವುದು ಲೇಸು.

ಪಿಎಚ್‌ಡಿ ಕಡ್ಡಾಯವೇ ಎಂದರೆ, ಅಲ್ಲ. ಆದರೆ ಒಂದು ಪ್ರಶ್ನೆಯ ಜೊತೆ ಮೂರು ನಾಲ್ಕು ವರ್ಷ ಎಡೆಬಿಡದೆ ಕಳೆಯುವ ಅವಕಾಶ ಎಂಡಿ, ಡಿಎಂ ಪ್ರಬಂಧಗಳಲ್ಲಿ ಸಿಗುವುದಿಲ್ಲ. ರಾತ್ರಿ ಪಾಳಿಯ ನಡುವೆ ಬರೆದ ಪ್ರಬಂಧ ಬಹುಮಟ್ಟಿಗೆ ಪದವಿಗೆ ಬೇಕಾದಷ್ಟೇ ಇರುತ್ತದೆ.

ಗಣಿತ ಮತ್ತು ಕಂಪ್ಯೂಟರ್ ಬರದಿದ್ದರೆ ನಡೆಯುತ್ತದೆಯೇ?

ಸಂಖ್ಯಾಶಾಸ್ತ್ರ ಬೇಕೇ ಬೇಕು. ಪ್ರೋಗ್ರಾಮಿಂಗ್ ಅಷ್ಟಿಷ್ಟು ಬಂದರೆ ಸಾಕು, ಉಳಿದದ್ದನ್ನು ಇಂಜಿನಿಯರುಗಳ ಜೊತೆ ಸೇರಿ ಮಾಡಬಹುದು. ಮೆದುಳಿನ ಚಿತ್ರಗಳನ್ನು ಅಳೆಯುವ ಎಫ್‌ಎಸ್‌ಎಲ್, ಎಸ್‌ಪಿಎಂ, ಫ್ರೀಸರ್ಫರ್ ತಂತ್ರಾಂಶಗಳು ಸಂಶೋಧನೆಗೆ ಉಚಿತವಾಗಿ ಸಿಗುತ್ತವೆ. ಅಮೆರಿಕದಲ್ಲಿ 2004ರಲ್ಲಿ ಆರಂಭವಾದ, ಆಲ್ಝೈಮರ್ ಕಾಯಿಲೆಯ ಚಿತ್ರಣವನ್ನು ಅಧ್ಯಯನ ಮಾಡುವ ಎಡಿಎನ್‌ಐ ಯೋಜನೆಯ ಸ್ಕ್ಯಾನ್‌ಗಳು ಅರ್ಜಿ ಹಾಕಿದ ಸಂಶೋಧಕರಿಗೆ ದೊರೆಯುತ್ತವೆ. ವಿಜಯಪುರದ ಹಾಸ್ಟೆಲ್ ಕೋಣೆಯಲ್ಲಿ ಒಳ್ಳೆಯ ಲ್ಯಾಪ್‌ಟಾಪ್ ಇದ್ದರೆ ಕಲಿಕೆ ಆರಂಭಿಸಬಹುದು.

ಆದರೆ ಈ ತಂತ್ರಾಂಶಗಳು ಪ್ರತಿ ಮೆದುಳನ್ನೂ ಒಂದು ಮಾದರಿ ಮೆದುಳಿಗೆ ಹೊಂದಿಸಿ ಅಳೆಯುತ್ತವೆ, ಮತ್ತು ಬಹುಕಾಲದಿಂದ ಬಳಕೆಯಲ್ಲಿರುವ ಮಾದರಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಕ್ಯಾನ್ ಮಾಡಿದ ತರುಣರದ್ದು. ನಿಮ್ಹಾನ್ಸ್‌ನ ಸಂಶೋಧಕರೂ ಜೊತೆಗಾರರೂ ಭಾರತೀಯರ ಮೆದುಳಿನ ಮಾದರಿಗಳನ್ನು 2020ರಲ್ಲಿ ಪ್ರಕಟಿಸಿದರು. ಅವು 6ರಿಂದ 60 ವರ್ಷದವರೆಗಿನವು. ಮರೆವಿನ ಕಾಯಿಲೆ ಹೆಚ್ಚಾಗಿ ಶುರುವಾಗುವ ವಯಸ್ಸಿಗೆ ಸರಿಯಾಗಿ ಆ ಸಾಲು ನಿಲ್ಲುತ್ತದೆ. ಮುಂದೆ ಬರುವವರಿಗೆ ಕೆಲಸ ಉಳಿದಿದೆಯೇ ಎಂದು ಕೇಳುವವರು ಇದನ್ನು ಗಮನಿಸಬೇಕು.

ಇದೆಲ್ಲ ಬೆಂಗಳೂರು ಅಥವಾ ವಿದೇಶದಲ್ಲಿ ಮಾತ್ರ ಸಾಧ್ಯವಲ್ಲವೇ?

ತರಬೇತಿಯ ಒಂದು ಭಾಗಕ್ಕಾದರೂ ಹೊರಗೆ ಹೋಗಬೇಕಾಗುತ್ತದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಸತ್ತವರ ಮೆದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ಮೆದುಳಿನ ಬ್ಯಾಂಕ್ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ ಹಳ್ಳಿಗರನ್ನು ವರ್ಷ ವರ್ಷವೂ ಹಿಂಬಾಲಿಸುವ ದೊಡ್ಡ ಅಧ್ಯಯನ ನಡೆಸುತ್ತಿದೆ. ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವುದು ಅದರ ಗುರಿ. ಕನ್ನಡ ಮಾತಾಡುವ ರೈತರ ನೆನಪು, ರಕ್ತ ಮತ್ತು ಎಂಆರ್‌ಐಗಳನ್ನು ಒಟ್ಟಿಗೆ ನೋಡುವ ಕೆಲಸ ನಮ್ಮ ರಾಜ್ಯದ ಹಳ್ಳಿಯಲ್ಲೇ ನಡೆದಿದೆ ಎಂದಾಯಿತು.

ನಮ್ಮ ಭಾಗದಲ್ಲಿ ಜಗತ್ತು ಗಮನಿಸುವ ವೈದ್ಯಕೀಯ ಸಂಶೋಧನೆ ನಡೆದಿಲ್ಲವೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಹೆರಿಗೆಯ ನಂತರದ ರಕ್ತಸ್ರಾವವನ್ನು ಮಿಸೊಪ್ರೊಸ್ಟಾಲ್ ಮಾತ್ರೆ ತಡೆಯುತ್ತದೆಯೇ ಎಂಬ ಪ್ರಯೋಗವನ್ನು ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಇದೇ ಜಿಲ್ಲೆಯ ಹಳ್ಳಿಗಳಲ್ಲಿ 1,620 ಮಹಿಳೆಯರ ಜೊತೆ ನಡೆಸಿದ್ದರು, ಅದು 2006ರಲ್ಲಿ ಪ್ರಕಟವಾಗಿ ಬೇರೆ ದೇಶಗಳ ನೀತಿಯ ಚರ್ಚೆಯಲ್ಲೂ ಬಂತು. ಹಳ್ಳಿಯ ಜನರೊಂದಿಗೆ ಶಿಸ್ತಾಗಿ ಅಧ್ಯಯನ ಮಾಡುವ ಅನುಭವ ಇಲ್ಲಿದೆ; ಅದನ್ನು ತಾಯಂದಿರಿಂದ ಅಜ್ಜ ಅಜ್ಜಿಯರ ಕಡೆಗೂ ತಿರುಗಿಸಬೇಕಿದೆ.

ದೂರದ ತೊಂದರೆ ಎದುರಾಗುವುದು ಪೆಟ್ ವಿಷಯದಲ್ಲಿ. ಬೆಂಗಳೂರಿನಲ್ಲಿ ತಯಾರಾದ ಫ್ಲೋರಿನ್-18 ಟ್ರೇಸರನ್ನು ಸುಮಾರು 500 ಕಿಲೋಮೀಟರ್ ರಸ್ತೆಯಲ್ಲಿ ಬೆಳಗಾವಿಗೆ ತಂದರೆ ಒಂಬತ್ತು ತಾಸು ಹಿಡಿಯಿತೆನ್ನಿ. ಅಷ್ಟರಲ್ಲಿ ಅದರ ವಿಕಿರಣದಲ್ಲಿ ನೂರಕ್ಕೆ ಮೂರು ಪಾಲಿಗಿಂತ ತುಸು ಹೆಚ್ಚು ಮಾತ್ರ ಉಳಿದಿರುತ್ತದೆ. ಕಾರ್ಬನ್-11 ಆದರೆ ದಾಬಸ್‌ಪೇಟೆ ದಾಟುವ ಹೊತ್ತಿಗೇ ಬಹುಪಾಲು ಕರಗಿರುತ್ತದೆ. ಹಾಗಾಗಿ ಈ ಭಾಗದ ಅಧ್ಯಯನ ಎಂಆರ್‌ಐ, ಅರಿವಿನ ಪರೀಕ್ಷೆ ಮತ್ತು ರಕ್ತದ ಮಾದರಿಗಳ ಸುತ್ತ ಹೆಣೆಯುವುದೇ ಜಾಣತನ.

ಕನ್ನಡ, ಮರಾಠಿ ಎರಡೂ ಮಾತಾಡುವುದರಿಂದ ಮರೆವು ದೂರವಾಗುತ್ತದಂತೆ, ನಿಜವೇ?

ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇದ್ದದ್ದು ಮುಖ್ಯ, ಏಕೆಂದರೆ ಅದನ್ನು ಶಾಲೆಯ ಲಾಭವೆಂದು ತಳ್ಳಿಹಾಕಲು ಬರುವುದಿಲ್ಲ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದೇ ಫಲಿತಾಂಶ ಕೊಟ್ಟಿಲ್ಲ. ಅಲ್ಲದೆ ತಡವಾಗುವುದೆಂದರೆ ಬಾರದೇ ಇರುವುದಲ್ಲ.

ಬೆಳಗಾವಿಯ ಶಹಾಪುರದಲ್ಲೋ ನಿಪ್ಪಾಣಿಯಲ್ಲೋ ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ನೆರೆಯವರೊಂದಿಗೆ ಉರ್ದು ಆಡುತ್ತ ಬೆಳೆದವರ ಮೆದುಳಿನಲ್ಲಿ ಏನು ನಡೆದಿದೆ ಎಂಬುದನ್ನು ಸ್ಕ್ಯಾನ್ ಮೂಲಕ ನೋಡಬೇಕಾದವರು ಇಲ್ಲಿಯವರೇ. ಹೊರಗಿನಿಂದ ಬಂದ ಸಂಶೋಧಕರಿಗೆ ಯಾರು ಯಾವ ಭಾಷೆಯನ್ನು ಎಲ್ಲಿ, ಎಷ್ಟು ಬಳಸುತ್ತಾರೆ ಎಂದು ಕೇಳುವ ಬಗೆಯೇ ಗೊತ್ತಿರುವುದಿಲ್ಲ.

ನೆನಪಿನ ಪರೀಕ್ಷೆ ಕನ್ನಡದಲ್ಲಿ ಸಿಗುತ್ತದೆಯೇ?

ಸಿಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ರೂಪಿಸಿದ ಅರಿವಿನ ಪರೀಕ್ಷೆಗಳ ಗುಚ್ಛ ಕನ್ನಡದಲ್ಲೂ ಇದೆ; ನೆನಪು, ಗಮನ, ಭಾಷೆಗಳನ್ನು ಅಳೆಯುವ ಎಸಿಇ-3 ಪರೀಕ್ಷೆಯ ಕನ್ನಡ ರೂಪವೂ ಇದೆ. ಇದಕ್ಕೂ ಮೊದಲು ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮೇರಿ ಗಂಗೂಲಿ ಮತ್ತು ತಂಡದವರು ಶಾಲೆಗೆ ಹೋಗದ ಹಿರಿಯರಿಗೆಂದೇ ಹಿಂದಿ ಪರೀಕ್ಷೆಯೊಂದನ್ನು ಸಿದ್ಧಪಡಿಸಿ 1995ರಲ್ಲಿ ಪ್ರಕಟಿಸಿದ್ದರು.

ಆದರೆ ಪರೀಕ್ಷೆಯ ಹಾಳೆ ಕನ್ನಡದಲ್ಲಿದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ‘ಈಗ ಯಾವ ತಿಂಗಳು?’ ಎಂದು ಕೇಳಿದರೆ ಬಾದಾಮಿ ಕಡೆಯ ಅಜ್ಜಿ ‘ಕಾರಹುಣ್ಣಿಮಿ ಆಗಿ ಎಂಟ ದಿನಾ ಆತಲ್ರಿ’ ಎನ್ನುತ್ತಾರೆ. ಜೂನ್ ಎಂಬ ಉತ್ತರ ಬರಲಿಲ್ಲವೆಂದು ಅಂಕ ಕಳೆದರೆ ತಪ್ಪು ವೈದ್ಯರದ್ದು. ಆಕೆಯ ಕಾಲದ ಅರಿವು ಕರಾರುವಾಕ್ಕಾಗಿದೆ. ಜನ್ಮದಿನಾಂಕ ಗೊತ್ತಿಲ್ಲದವರ ವಯಸ್ಸನ್ನು 1972ರ ಬರಗಾಲದಲ್ಲಿ ಎಷ್ಟು ದೊಡ್ಡವರಿದ್ದಿರಿ, ಆಗ ಮದುವೆಯಾಗಿತ್ತೇ ಎಂದು ಕೇಳಿ ಅಂದಾಜಿಸಬೇಕು. ವಯಸ್ಸು ಐದು ವರ್ಷ ಆಚೀಚೆಯಾದರೆ ಎಂಆರ್‌ಐಯಲ್ಲಿ ಕಾಣುವ ಕುಗ್ಗುವಿಕೆ ಸಹಜವೋ ಅಸಹಜವೋ ಎಂಬ ತೀರ್ಮಾನವೂ ಆಚೀಚೆಯಾಗುತ್ತದೆ.

ಇನ್ನೂ ಕಠಿಣವಾದದ್ದು ಸ್ಥಳದ ಪ್ರಶ್ನೆ. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ದೊಡ್ಡ ಭಾಗವೂ ಅನೇಕ ಹಳ್ಳಿಗಳೂ ಮುಳುಗಿದವು. ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಬಂದರು. ನವನಗರದ ಮನೆಯಲ್ಲಿ ಕುಳಿತ ಹಿರಿಯರು ಸಂಜೆಯಾಯಿತೆಂದರೆ ‘ಮನಿಗೆ ಹೋಗೂಣು ನಡೀರಿ’ ಎನ್ನುತ್ತಾರೆ. ಡಿಮೆನ್ಷಿಯಾ ಇರುವ ಅನೇಕರು ಜಗತ್ತಿನೆಲ್ಲೆಡೆ ಸಂಜೆಗೆ ಹೀಗೆ ಹೇಳುವುದುಂಟು. ಆದರೆ ಇಲ್ಲಿ ಆ ಮನೆ ನಿಜವಾಗಿ ನೀರಿನಡಿ ಇದೆ. ಇದು ಸ್ಥಳದ ಅರಿವು ತಪ್ಪಿರುವುದೋ, ತೀರದ ದುಃಖವೋ, ಎರಡೂ ಕೂಡಿದ್ದೋ ಎಂದು ತಿಳಿಯಲು ಮನೆಯವರ ಜೊತೆ ಅರ್ಧ ತಾಸು ಮಾತಾಡಬೇಕು. ಬೀದಿಯ ಹೆಸರು, ನೆರೆಯವರು, ಮನೆ ಬಿಟ್ಟ ಬಗೆ, ಎಲ್ಲವನ್ನೂ ಕೇಳಬೇಕು. ಹಾಗೆ ಕೇಳಿ ಬರೆದಿಟ್ಟುಕೊಂಡ ಮೇಲೆ ಎಂಆರ್‌ಐ ನೋಡಿದರೆ ಆ ಚಿತ್ರ ಬೇರೆಯೇ ಮಾತು ಹೇಳುತ್ತದೆ.

ವಯಸ್ಸಾದವರು ಎಂಆರ್‌ಐ ಯಂತ್ರದೊಳಗೆ ಸುಮ್ಮನೆ ಮಲಗುತ್ತಾರೆಯೇ?

ಮಲಗಿಸುವುದೂ ಒಂದು ವಿದ್ಯೆ. 1.5 ಟೆಸ್ಲಾ ಯಂತ್ರದ ಅಯಸ್ಕಾಂತ ಶಕ್ತಿ ಭೂಮಿಯದ್ದಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು, ಆದ್ದರಿಂದ ಲೋಹವೆಲ್ಲ ಹೊರಗಿರಬೇಕು. ಮದುವೆಯ ದಿನ ಹಾಕಿದ ಕಾಲುಂಗುರ ಬೆರಳಿಗೆ ಕಚ್ಚಿಕೊಂಡಿರುತ್ತದೆ. ತಾಳಿ ತೆಗೆಯಲು ಆ ತಾಯಿ ಸುತರಾಂ ಒಪ್ಪುವುದಿಲ್ಲ. ತಂತ್ರಜ್ಞರು ಅವಸರ ಮಾಡಿದರೆ ಸ್ಕ್ಯಾನ್ ಅಲ್ಲಿಗೇ ನಿಂತಿತು. ತಾಳಿಯನ್ನು ಸೊಸೆಯ ಕೈಗೆ ಕೊಟ್ಟು, ಅರಿಶಿನದ ದಾರವೊಂದನ್ನು ಕೊರಳಿಗೆ ಕಟ್ಟಿ, ಒಳಗೆ ಜೋರಾಗಿ ಬಡಿಯುವ ಸದ್ದು ಬರುತ್ತದೆ, ಅದು ಯಂತ್ರದ್ದು ಎಂದು ಮೊದಲೇ ಹೇಳಿ, ಮಗಳನ್ನು ಪಕ್ಕದಲ್ಲಿ ಪಾದ ಹಿಡಿದು ನಿಲ್ಲಿಸಿದರೆ ಹೆಚ್ಚಿನವರು ಇಪ್ಪತ್ತು ನಿಮಿಷ ಅಲುಗಾಡದೆ ಇರುತ್ತಾರೆ. ಅಲುಗಾಡಿದ ತಲೆಯ ಚಿತ್ರದಲ್ಲಿ ಮೆದುಳಿನ ಹೊರಪದರ ಇರುವುದಕ್ಕಿಂತ ತೆಳುವಾಗಿ ಕಾಣಬಹುದು, ಅದನ್ನು ಕಾಯಿಲೆಯೆಂದು ಬಗೆಯುವ ಅಪಾಯವಿದೆ.

ಹೊಸ ಔಷಧಿಗಳು ಬಂದಿವೆಯಂತೆ, ಅವಕ್ಕೂ ಸ್ಕ್ಯಾನ್‌ಗೂ ಏನು ಸಂಬಂಧ?

ಅಮಿಲಾಯ್ಡನ್ನು ತೆಗೆಯುವ ಲೆಕನೆಮ್ಯಾಬ್‌ಗೆ 2023ರಲ್ಲಿ, ಡೊನಾನೆಮ್ಯಾಬ್‌ಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 1,795 ಜನರ ಪ್ರಯೋಗದಲ್ಲಿ ಲೆಕನೆಮ್ಯಾಬ್ ಹದಿನೆಂಟು ತಿಂಗಳಲ್ಲಿ ಕುಸಿತವನ್ನು ಶೇ. 27ರಷ್ಟು ನಿಧಾನಗೊಳಿಸಿತು, ಹೋದ ನೆನಪನ್ನು ಮರಳಿ ತರಲಿಲ್ಲ. ಕೊಡುವ ಮೊದಲು ಅಮಿಲಾಯ್ಡ್ ಇದೆಯೆಂದು ಖಚಿತಪಡಿಸಬೇಕು, ಮತ್ತು ಮೆದುಳಿನಲ್ಲಿ ಊತ ಅಥವಾ ಸಣ್ಣ ರಕ್ತಸ್ರಾವ ಆಗಿದೆಯೇ ಎಂದು ಪದೇ ಪದೇ ಎಂಆರ್‌ಐ ಮಾಡಿ ನೋಡಬೇಕು. ಕಾಯಿಲೆ ಮುಂದುವರಿದವರಿಗೆ ಇದು ಅಲ್ಲ. ಮನೆ ಮಾರಿ ತರಿಸೋಣವೇ ಎಂದು ಕೇಳುವವರಿಗೆ ಬೇಡವೆಂದೇ ಹೇಳುವುದು ನನ್ನ ರೂಢಿ. ಬಿಪಿ, ಸಕ್ಕರೆ, ಕಿವುಡುತನ, ಕಣ್ಣಿನ ಪೊರೆ ಇವುಗಳಿಗೆ ಚಿಕಿತ್ಸೆ ಇಲ್ಲೇ ಸಿಗುತ್ತದೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಡಿಮೆನ್ಷಿಯಾದ ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಇವುಗಳನ್ನೂ ಎಣಿಸಿದೆ.

ರಕ್ತಪರೀಕ್ಷೆಯೇ ಬಂದರೆ ಚಿತ್ರಣ ಕಲಿತವರಿಗೆ ಕೆಲಸ ಇರುತ್ತದೆಯೇ?

ಟಾವ್ ಪ್ರೋಟೀನಿನ ಒಂದು ರೂಪವಾದ ಪಿ-ಟಾವ್217 ಆಧರಿಸಿದ ರಕ್ತಪರೀಕ್ಷೆಗೆ 2025ರ ಮೇ ತಿಂಗಳಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಸೈಕ್ಲೋಟ್ರಾನ್‌ನಿಂದ ದೂರವಿರುವ ನಮ್ಮಂಥ ಕಡೆ ಇದು ದೊಡ್ಡ ಅನುಕೂಲ. ಅಮಿಲಾಯ್ಡ್ ಇದೆಯೇ ಇಲ್ಲವೇ ಎಂಬುದನ್ನು ರಕ್ತ ಹೇಳೀತು. ಹಾನಿ ಎಲ್ಲಿ, ಎಷ್ಟು, ರಕ್ತನಾಳದ ಪಾಲೆಷ್ಟು, ರಕ್ತಸ್ರಾವವಿದೆಯೇ ಎಂಬುದಕ್ಕೆ ಚಿತ್ರವೇ ಬೇಕು. ಕೆಲಸ ಕಡಿಮೆಯಾಗುವ ಲಕ್ಷಣವಿಲ್ಲ.

ಸಂಬಳ?

ಖಾಸಗಿ ಪ್ರಾಕ್ಟೀಸ್ ಮಾಡುವ ಸಹಪಾಠಿಗಿಂತ ಕಡಿಮೆ, ಬಹಳ ಕಾಲ. ಐಸಿಎಂಆರ್ ಮತ್ತು ಕೇಂದ್ರ ಸರ್ಕಾರದ ವಿಜ್ಞಾನ ಇಲಾಖೆಗಳಾದ ಡಿಬಿಟಿ, ಡಿಎಸ್‌ಟಿ ಅನುದಾನಗಳೂ ಡಿಬಿಟಿ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ ನಡೆಸುವ ಇಂಡಿಯಾ ಅಲಯನ್ಸ್‌ನ ಫೆಲೋಶಿಪ್‌ಗಳೂ ಇವೆ, ಪೈಪೋಟಿಯೂ ಇದೆ.

ನೆನಪಿಲ್ಲದವರಿಂದ ಸಂಶೋಧನೆಗೆ ಒಪ್ಪಿಗೆ ಪಡೆಯುವುದು ಹೇಗೆ?

ಅರ್ಥಮಾಡಿಕೊಳ್ಳುವ ಶಕ್ತಿ ಇರುವಷ್ಟು ಕಾಲ ಅವರೇ ಒಪ್ಪಬೇಕು. ಇಲ್ಲದಾಗ ಕಾನೂನುಬದ್ಧ ಪ್ರತಿನಿಧಿ ಒಪ್ಪಬೇಕು, ಆಗಲೂ ರೋಗಿ ತಲೆ ಅಲ್ಲಾಡಿಸಿ ಬೇಡವೆಂದರೆ ನಿಲ್ಲಿಸಬೇಕು. ಓದಲು ಬಾರದವರಿಗೆ ಎಲ್ಲವನ್ನೂ ಅವರ ಭಾಷೆಯಲ್ಲಿ ಹೇಳಿ, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಹೆಬ್ಬೆಟ್ಟಿನ ಗುರುತು ಪಡೆಯುವುದು ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯ ನಿಯಮ. ಸ್ಕ್ಯಾನ್‌ನಲ್ಲಿ ಅನಿರೀಕ್ಷಿತವಾಗಿ ಗಡ್ಡೆ ಕಂಡರೆ ಯಾರಿಗೆ ಹೇಳಬೇಕು ಎಂಬುದನ್ನೂ ಸಹಿಗೆ ಮೊದಲೇ ಮಾತಾಡಿರಬೇಕು. ಹಿರಿಯ ಮಗನ ಒಂದು ಸಹಿಯಿಂದ ಎಲ್ಲ ಮುಗಿಯಿತೆಂದು ತಿಳಿಯುವ ಅಭ್ಯಾಸ ನಮ್ಮ ಕಡೆ ಇದೆ. ಬಹುಪಾಲು ದಿನವಿಡೀ ಜೊತೆಗಿರುವ ಸೊಸೆಯನ್ನು ಯಾರೂ ಕೇಳಿರುವುದಿಲ್ಲ.

ಎಂಬಿಬಿಎಸ್ ಓದುತ್ತಿರುವವರು ಈಗಲೇ ಏನು ಮಾಡಬಹುದು?

ಐಸಿಎಂಆರ್ 1979ರಿಂದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನ ನಡೆಸುತ್ತಿದೆ. ಎಸ್‌ಟಿಎಸ್ ಎಂದರೆ ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತು. ಅದಕ್ಕೆ ಸ್ಕ್ಯಾನರೇ ಬೇಕೆಂದಿಲ್ಲ. ಹೊರರೋಗಿ ವಿಭಾಗಕ್ಕೆ ಮರೆವೆಂದು ಬಂದ ಹಿರಿಯರಲ್ಲಿ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಎಷ್ಟು ಜನರಿಗೆ ಆಗಿತ್ತು, ಹಳೆಯ ಸಿಟಿ ಚಿತ್ರಗಳಲ್ಲಿ ಹಿಪ್ಪೋಕ್ಯಾಂಪಸ್ಸಿನ ಅಂಕವನ್ನು ಇಬ್ಬರು ಬೇರೆ ಬೇರೆಯಾಗಿ ಕೊಟ್ಟರೆ ಎಷ್ಟು ಹೊಂದುತ್ತದೆ, ಕನ್ನಡದಲ್ಲಿ ಪರೀಕ್ಷೆ ಮಾಡಿದಾಗಲೂ ಮರಾಠಿಯಲ್ಲಿ ಮಾಡಿದಾಗಲೂ ಒಬ್ಬರೇ ವ್ಯಕ್ತಿಗೆ ಅದೇ ಅಂಕ ಬರುತ್ತದೆಯೇ: ಇಂಥ ಚಿಕ್ಕ ಪ್ರಶ್ನೆ ಸಾಕು. ಮಾರ್ಗದರ್ಶಕರನ್ನು ಆರಿಸುವಾಗ ಅವರ ಪ್ರಬಂಧಗಳ ಎಣಿಕೆಗಿಂತ ವಾರಕ್ಕೊಮ್ಮೆ ನಿಮ್ಮ ಜೊತೆ ಕೂರುತ್ತಾರೆಯೇ ಎಂಬುದನ್ನು ನೋಡಿ. ರೋಗಿಗಳ ದಾಖಲೆ ಮುಟ್ಟುವ ಯಾವ ಕೆಲಸಕ್ಕೂ ಕಾಲೇಜಿನ ನೈತಿಕ ಸಮಿತಿಯ ಅನುಮತಿ ಬೇಕು. ಸಮಿತಿ ಯಾವಾಗ ಸೇರುತ್ತದೆ ಎಂದು ಅರ್ಜಿಯ ಕೊನೆಯ ದಿನಕ್ಕಿಂತ ಬಹಳ ಮೊದಲೇ ವಿಚಾರಿಸಿಟ್ಟುಕೊಳ್ಳಿ.